ಪೆನ್ ಡ್ರೈವ್ ಭಾಗವತರು ಬೇಡ



ಈ ಸಲದ ವಾರ್ಷಿಕೋತ್ಸವಕ್ಕೆ ನಮ್ಮ ತರಗತಿಯಿಂದ ಯಕ್ಷಗಾನ ಮಾಡುವುದು ಅಂತ ತೀರ್ಮಾನವಾಗಿದೆ. ಸಂತೋಷ. ಆದರೆ ಹಿಮ್ಮೇಳದವರನ್ನು ಕರೆಸುವುದು ಕಷ್ಟ, ಪದ್ಯ, ಚೆಂಡೆ, ಮದ್ದಳೆ ಎಲ್ಲಾ ಮೊದಲೇ ರೆಕಾರ್ಡ್ ಮಾಡಿ ಪೆನ್ ಡ್ರೈವಿನಲ್ಲಿ ಹಾಕಿದರೆ ಆಯಿತು ಅಂತ ಕೆಲವರು ಹೇಳುತ್ತಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ.

ನಾನು ಯಂತ್ರದ ವಿರೋಧಿ ಅಲ್ಲ. ನನ್ನ ಅಜ್ಜ ಮದ್ದಳೆ ಬಾರಿಸುವವರು. ಹಿಂದೆ ಆಟದಲ್ಲಿ ಶ್ರುತಿಗೆ ಪುಂಗಿ ಇತ್ತಂತೆ, ಆಮೇಲೆ ಹಾರ್ಮೋನಿಯಂ ಬಂತು, ಈಗ ಹೆಚ್ಚಾಗಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ ಎಂಬ ಇಂಜಿನಿಯರ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರು ಕೊಳಲು ನುಡಿಸುವವರೂ ಹೌದು. ಆದ್ದರಿಂದಲೇ ಇರಬೇಕು, ಹಾಡುವವರಿಗೆ ಏನು ಬೇಕು ಅಂತ ಅವರಿಗೆ ಗೊತ್ತಾದದ್ದು.

"ಅದೂ ಕರೆಂಟಿನದ್ದೇ ಅಲ್ವಾ? ಇದು ಮಾತ್ರ ಯಾಕೆ ಬೇಡ?" ಅಂತ ನನ್ನ ಗೆಳತಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಶ್ರುತಿಪೆಟ್ಟಿಗೆ ತನ್ನ ಶ್ರುತಿ ಹಿಡಿದು ಸುಮ್ಮನೆ ಕೂತಿರುತ್ತದೆ. ಭಾಗವತರು ಕಪ್ಪು ಎರಡು ಅಂದರೆ ಕಪ್ಪು ಎರಡು. ಪದ್ಯ ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಅದು ಬಾಯಿ ಹಾಕುವುದಿಲ್ಲ. ಪೆನ್ ಡ್ರೈವ್ ಹಾಗಲ್ಲ, ಅದು ಯಾರಿಗೂ ಕಾಯುವುದಿಲ್ಲ.

ಕಳೆದ ವರ್ಷ ಒಂದು ಕಡೆ ಮಕ್ಕಳ ಆಟ ನೋಡಲು ಹೋಗಿದ್ದೆ. ರೆಕಾರ್ಡ್ ಹಿಮ್ಮೇಳ. ಕುಣಿಯುತ್ತಾ ಇದ್ದ ಹಾಗೆ ಒಬ್ಬ ಹುಡುಗನ ಕಿರೀಟ ಜಾರಿತು. ಅವನು ಅದನ್ನು ಸರಿ ಮಾಡಿಕೊಳ್ಳುವುದರೊಳಗೆ ಪದ್ಯ ಮುಗಿದು ಇನ್ನೊಂದು ಶುರುವಾಗಿತ್ತು. ಪಾಪ, ಎಲ್ಲಿಂದ ಹಿಡಿಯಬೇಕು ಅಂತ ತಿಳಿಯದೆ ಅಳುತ್ತಾ ನಿಂತ. ಜನ ನಕ್ಕರು. ನಾನೂ ನಕ್ಕೆ, ಆಮೇಲೆ ಬೇಜಾರಾಯಿತು. ಭಾಗವತರು ಕೂತಿದ್ದರೆ ಅದೇ ಸಾಲನ್ನು ಇನ್ನೆರಡು ಸಲ ಹೇಳುತ್ತಿದ್ದರು, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. "ನಮ್ಮ ಕಣ್ಣು ವೇಷದ ಕಾಲ ಮೇಲೆ, ಕೈ ತನ್ನಷ್ಟಕ್ಕೆ ಓಡ್ತದೆ" ಅಂತಾರೆ ಅಜ್ಜ. ಅರ್ಥಗಾರಿಕೆಯಲ್ಲೂ ಅಷ್ಟೇ. ಮಾತು ಹೊಳೆದಾಗ ಎರಡು ಮಾತು ಹೆಚ್ಚು ಹೇಳಿದರೆ ತಾನೇ ಚಂದ? ಮೈಕ್ ಸೆಟ್ಟಿನವರು ಬಟನ್ ಒತ್ತುವುದರೊಳಗೆ ಮುಗಿಸಬೇಕು ಅಂದರೆ ಅದು ಬಾಯಿಪಾಠ ಒಪ್ಪಿಸಿದ ಹಾಗೆ.

ರೆಕಾರ್ಡ್ ಆದರೆ ತಪ್ಪೇ ಬರುವುದಿಲ್ಲ ಅನ್ನುತ್ತಾರೆ. ನಿಜ, ರೆಕಾರ್ಡಿಗೆ ತಪ್ಪುವುದಿಲ್ಲ, ಕುಣಿಯುವವರಿಗೆ ತಪ್ಪುತ್ತದೆ. ಒಂದನೇ ತರಗತಿಯ ಪುಟಾಣಿಗಳ ನೃತ್ಯಕ್ಕೆ ಬೇಕಾದರೆ ರೆಕಾರ್ಡ್ ಹಾಡು ಇರಲಿ. ಅವರು ಹೇಗೆ ಕುಣಿದರೂ ಚಪ್ಪಾಳೆಯೇ.

ಹಿಮ್ಮೇಳ ಎಲ್ಲಿಂದ ತರುವುದು ಅಂತ ಕೇಳಬಹುದು. ಹತ್ತನೇ ತರಗತಿಯ ಇಬ್ಬರು ಅಣ್ಣಂದಿರು ಚೆಂಡೆ ಕಲಿಯುತ್ತಿದ್ದಾರೆ. ಪೆನ್ ಡ್ರೈವ್ ಬಂದರೆ ಅವರು ಸಭೆಯಲ್ಲಿ ಕೂತು ನೋಡಬೇಕಷ್ಟೆ. ಮದ್ದಳೆಗೆ ಪ್ರತಿ ಶನಿವಾರ ಮಧ್ಯಾಹ್ನ ಬರಲು ಅಜ್ಜ ಒಪ್ಪಿದ್ದಾರೆ, ಒಂದು ಲೋಟ ಚಹಾ ಕೊಟ್ಟರೆ ಸಾಕಂತೆ. ಪದ್ಯ ಹೇಳಲು ಬೇರೆ ಯಾರೂ ಸಿಗದಿದ್ದರೆ ನಾನು ಪ್ರಯತ್ನ ಮಾಡುತ್ತೇನೆ. ಸದ್ಯಕ್ಕೆ ನಾಲ್ಕು ಪದ್ಯ ಬರುತ್ತದೆ. ನನ್ನ ಸ್ವರಕ್ಕೆ ಯಾವ ಶ್ರುತಿ ಹೊಂದುತ್ತದೆ ಅಂತ ಈ ಶನಿವಾರ ಅಜ್ಜನ ಪೆಟ್ಟಿಗೆ ಇಟ್ಟು ನೋಡುವುದಿದೆ.

– 9ನೇ ತರಗತಿಯ ವಿದ್ಯಾರ್ಥಿನಿ