ಎಲೆ ಹಳದಿಯಾದರೆ ಮೊದಲು ನೋಡಬೇಕು, ಆಮೇಲೆ ಮದ್ದು

“ಅಕ್ಕೋರೇ, ಕುಂಡದ ಗಿಡದ ಎಲೆ ಹಳದಿಯಾಗುತ್ತಿದೆ. ಯಾವ ಔಷಧ ಹೊಡೆಯಲಿ?” ಮಳೆಗಾಲ ಹಿಡಿಯಿತೆಂದರೆ ಹಳೆಯ ವಿದ್ಯಾರ್ಥಿಗಳಿಂದಲೂ ಬಂಧುಗಳಿಂದಲೂ ಈ ಪ್ರಶ್ನೆ ತಪ್ಪದೆ ಬರುತ್ತದೆ. ಎಲ್ಲರಿಗೂ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಜ್ವರದಂತೆ ಹಳದಿ ಎಲೆಯೂ ಒಂದು ಲಕ್ಷಣ. ಕಾರಣ ತಿಳಿಯದೆ ಮದ್ದು ಹೊಡೆಯುವುದು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರವಾರ, ಅಂಕೋಲೆಗಳ ಕಡೆ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕುಂಡದ ತಳದ ತೂತು ಮುಚ್ಚಿಕೊಂಡರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ, ಎಲೆ ಜೋಲುತ್ತದೆ. ಬಾಯಾರಿಕೆಯೆಂದು ಭಾವಿಸಿ ಮತ್ತೆ ನೀರೆರೆಯುವವರೇ ಹೆಚ್ಚು. ಮಣ್ಣಿನೊಳಗೆ ಬೆರಳಿಳಿಸಿ ನೋಡಿರಿ. ಹಸಿಯಿದ್ದರೆ ನೀರು ನಿಲ್ಲಿಸಿ, ತೂತು ಬಿಡಿಸಿ, ಕುಂಡವನ್ನು ಮಾಡಿನ ಕೆಳಗಿಡಿರಿ.

ಕೆಳಗಿನ ಹಳೆಯ ಎಲೆಗಳು ಮಾತ್ರ ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ಹಳೆಯ ಸಗಣಿ ಗೊಬ್ಬರ ಸಾಕು. ಚಿಗುರೆಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆಯನ್ನು ಶಂಕಿಸಬೇಕು. ಕಡಲ ದಂಡೆಯ ಮನೆಗಳಲ್ಲಿ ಎಲೆಯ ತುದಿ ಸುಟ್ಟಂತಾಗುವುದಕ್ಕೆ ಉಪ್ಪುಗಾಳಿಯೋ ಸವಳು ಬಾವಿಯ ನೀರೋ ಕಾರಣವಿರಬಹುದು. ಸಿಹಿನೀರಿನಿಂದ ಎಲೆ ತೊಳೆದು ನೋಡಿರಿ. ಬೇಸಿಗೆಯಲ್ಲಿ ಎಲೆಯ ಅಡಿಭಾಗವನ್ನು ಮಗುಚಿ ನೋಡಲೇಬೇಕು. ನುಣುಪಾದ ಬಲೆಯಿದ್ದರೆ ನುಸಿ, ಹತ್ತಿಯಂತೆ ಅಂಟಿಕೊಂಡಿದ್ದರೆ ಹಿಟ್ಟುತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಮತ್ತು ತುಸು ಸಾಬೂನು ಬೆರೆಸಿ ಸಂಜೆ ಸಿಂಪಡಿಸಿರಿ. ವಾರದ ನಂತರ ಮತ್ತೊಮ್ಮೆ.

“ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ಕುಂಡಕ್ಕೂ ಅದೇ ಆಗದೇ?” ಎಂದು ಕೇಳುವವರಿದ್ದಾರೆ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಕೊಳೆರೋಗದ ಮೂಲವನ್ನು ಅಭ್ಯಸಿಸಿದರು; 1910ರಲ್ಲಿ ಅದರ ವರದಿ ಪ್ರಕಟವಾಯಿತು. ಮಳೆಗೆ ಮುಂಚೆಯೇ ಗೊನೆಗೆ ಲೇಪವಾಗುವುದರಿಂದ ಆ ದ್ರಾವಣ ಫಲಿಸುತ್ತದೆ. ಹಿಟ್ಟುತಿಗಣೆಗೆ ಅದು ಮದ್ದಲ್ಲ.

ಅಂಗಡಿಯ ಕೀಟನಾಶಕದ ವಿಷಯದಲ್ಲಿ ನಾನು ಕಠಿಣಳು. ಅಂಗಳದ ಕರಿಬೇವು ಒಗ್ಗರಣೆಗೆ ಬೀಳುತ್ತದೆ, ತುಳಸಿ ಮಕ್ಕಳ ಬಾಯಿಗೆ ಹೋಗುತ್ತದೆ. ಕಾಸರಗೋಡಿನ ಗೇರುತೋಪುಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಎಂಡೋಸಲ್ಫಾನ್ ಸುರಿಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿತು. ಅದರ ಬಾಧಿತರು ನಮ್ಮ ಜಿಲ್ಲೆಯಲ್ಲಿಯೂ ಇದ್ದಾರೆ. ಹುಳುವಿಗೆಂದು ಹೊಡೆದದ್ದು ಹುಳುವಿನಲ್ಲಿಯೇ ನಿಲ್ಲುವುದಿಲ್ಲ.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಸಸಿತೋಟದಲ್ಲಿ ನೋಡಿ, ಮುಟ್ಟಿ ಕಲಿತ ವಿದ್ಯೆಗೆ 2020ರ ಪದ್ಮಶ್ರೀ ಸಂದಿತು. 2024ರಲ್ಲಿ ಅವರು ತೀರಿಕೊಂಡರು. ಆ ವಿದ್ಯೆಯ ಒಂದಂಶವಾದರೂ ನಮ್ಮ ಮೊಮ್ಮಕ್ಕಳಿಗೆ ಸಿಗಲಿ. ಅವರ ಕೈಗೆ ಸಿಂಪಡಿಸುವ ಬಾಟಲಿ ಕೊಡುವ ಮೊದಲು ಒಂದು ಭೂತಗನ್ನಡಿ ಕೊಡಿ.