ರೂಟರ್‌ಗೆ ಸ್ವಯಂಚಾಲಿತ ಪರೀಕ್ಷೆ ಕಡ್ಡಾಯವಾಗಬೇಕೆ?

ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ರಸ್ತೆ ಕವಲೊಡೆಯುವ, ಸುಳ್ಯ ತಾಲ್ಲೂಕಿನ ಜಾಲ್ಸೂರಿನಲ್ಲೂ ಇಂದು ಇಂಟರ್ನೆಟ್ ಹೋದರೆ ಯುಪಿಐ, ಪಂಚಾಯಿತಿಯ ಅರ್ಜಿ, ಮನೆಯಿಂದಲೇ ಮಾಡುವ ಕಂಪೆನಿ ಕೆಲಸ ಎಲ್ಲವೂ ನಿಲ್ಲುತ್ತವೆ. ಇಂಥ ಊರುಗಳಿಗೆ ಸೇವೆ ಕೊಡುವವರು ರೂಟರ್ ಕಾನ್ಫಿಗರೇಶನ್ ಬದಲಿಸುವ ಮುನ್ನ ಸ್ವಯಂಚಾಲಿತ ಪರೀಕ್ಷೆ ನಡೆಸುವುದನ್ನು ಕಡ್ಡಾಯ ಮಾಡಬೇಕೆ?

ಪರ: ನಂಬಿಕೆ ಸಾಲದು, ಪರೀಕ್ಷೆ ಬೇಕು

ರೂಟರ್‌ನಲ್ಲಿ ಒಂದು ಸಾಲು ತಪ್ಪಿದರೆ ಕೆಡುವುದು ಆ ಒಂದು ಪೆಟ್ಟಿಗೆಯಷ್ಟೇ ಅಲ್ಲ. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಕಂಪೆನಿ ಜಾಲವನ್ನು ನವೀಕರಿಸುವಾಗ ಒಂದು ಫಿಲ್ಟರ್ ತೆಗೆದುಹಾಕಿತು. ಮಾರ್ಗಗಳ ಮಾಹಿತಿ ತಡೆಯಿಲ್ಲದೆ ನುಗ್ಗಿ ಕೋರ್ ರೂಟರ್‌ಗಳು ಕುಸಿದವು. 1.2 ಕೋಟಿಗೂ ಹೆಚ್ಚು ಗ್ರಾಹಕರ ಸಂಪರ್ಕ ಕಡಿಯಿತು. ಹಲವರಿಗೆ ತುರ್ತು ಕರೆಯೂ ಸಿಗಲಿಲ್ಲ.

ಬ್ಯಾಟ್‌ಫಿಷ್‌ನಂಥ ಮುಕ್ತ ತಂತ್ರಾಂಶ ಕಾನ್ಫಿಗರೇಶನ್ ಕಡತಗಳನ್ನು ಓದಿ ಇಡೀ ಜಾಲದ ಮಾದರಿ ಕಟ್ಟುತ್ತದೆ. ಈ ಬದಲಾವಣೆಯ ಬಳಿಕ ಸುಳ್ಯದಿಂದ ಹೊರಟ ದತ್ತಾಂಶದ ಪ್ಯಾಕೆಟ್ ಮಂಗಳೂರು ಮುಟ್ಟೀತೇ? ಒಂದು ಲಿಂಕ್ ಸತ್ತರೆ ಬದಲಿ ದಾರಿ ಇದೆಯೇ? ಓಡುತ್ತಿರುವ ಜಾಲವನ್ನು ಮುಟ್ಟದೆಯೇ ಉತ್ತರ ಸಿಗುತ್ತದೆ. ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ, ಕಲಿಯುವ ಶ್ರಮವಷ್ಟೇ. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಆಜ್ಞೆ ಟೈಪಿಸುವ ಎಂಜಿನಿಯರ್‌ನ ಮೇಲೆ ಊರಿನ ಭಾರವನ್ನೆಲ್ಲ ಹೇರುವುದಕ್ಕಿಂತ ಇದು ಲೇಸು. ಕಡ್ಡಾಯ ಮಾಡದಿದ್ದರೆ ಅವಸರದ ದಿನವೇ ಪರೀಕ್ಷೆ ತಪ್ಪುತ್ತದೆ. ಅನಾಹುತವಾಗುವುದೂ ಆ ದಿನವೇ.

ವಿರೋಧ: ಪರೀಕ್ಷೆ ಇರಲಿ, ಕಡ್ಡಾಯ ಬೇಡ

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಮಲಗಿದವು. ತಪ್ಪು ಆಜ್ಞೆಯನ್ನು ತಡೆಯಲೆಂದೇ ಅಲ್ಲೊಂದು ತಪಾಸಣಾ ಸಾಧನವಿತ್ತು. ದೋಷವಿದ್ದುದು ಆ ಸಾಧನದಲ್ಲೇ; ಹಾಗಾಗಿ ತಪ್ಪು ಆಜ್ಞೆ ನುಸುಳಿತು. ಪರೀಕ್ಷೆ ಬರೆದವನಿಗೆ ಹೊಳೆಯದ ಪ್ರಶ್ನೆಯನ್ನು ಯಂತ್ರ ಕೇಳುವುದಿಲ್ಲ. ರೋಜರ್ಸ್‌ನಲ್ಲಿ ಸೋತದ್ದು ರೂಟರ್‌ಗಳ ತಾಳಿಕೆ; ಕಡತ ಓದಿ ಕಟ್ಟಿದ ಮಾದರಿ ಅದನ್ನು ಅಳೆಯದು. ಕಡ್ಡಾಯವೆಂದೊಡನೆ ಹಸಿರು ಟಿಕ್ ಬಿದ್ದರೆ ಸಾಕು ಎಂಬ ಉದಾಸೀನ ಬೆಳೆಯುತ್ತದೆ. ಇಬ್ಬರೇ ಕೆಲಸಗಾರರಿರುವ ಕೇಬಲ್ ಆಪರೇಟರ್‌ಗೆ ಅದು ಇನ್ನೊಂದು ದಾಖಲೆ ತುಂಬುವ ಕೆಲಸ.

ಸುಳ್ಯದ ಸಂಕಟವೇ ಬೇರೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾಗುತ್ತದೆ, ಕರೆಂಟು ಹೋದರೆ ಟವರ್ ಸಾಯುತ್ತದೆ. 2021ರ ಜೂನ್‌ನಲ್ಲಿ ಇದೇ ತಾಲ್ಲೂಕಿನ ಬಳ್ಳಕದ ರಸ್ತೆ ಬದಿಯಲ್ಲಿ ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಅವರನ್ನು ರಸ್ತೆಗೆ ತಂದದ್ದು ತಪ್ಪು ಕಾನ್ಫಿಗರೇಶನ್ ಅಲ್ಲ, ಮನೆಗೆ ಬಾರದ ಸಿಗ್ನಲ್. ಕಡ್ಡಾಯ ಮಾಡಲೇಬೇಕೆಂದಿದ್ದರೆ ಮೊದಲು ಕೇಬಲ್‌ಗೆ ಎರಡನೇ ದಾರಿಯನ್ನೂ ಟವರ್‌ಗೆ ಬ್ಯಾಟರಿಯನ್ನೂ ಕಡ್ಡಾಯ ಮಾಡಿ.