ನೆಲದ ಹಂಬಲ ಮತ್ತು ಜಿ.ವಿ. ಅಯ್ಯರ್

ಮಸ್ಕತ್ತಿನಲ್ಲಿ ದುಡಿಯುವ ಅನೇಕ ಕನ್ನಡಿಗರ ಉಳಿತಾಯದ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಒಂದು ತುಂಡು ನೆಲದಲ್ಲಿ: ಊರಿನಲ್ಲೊಂದು ನಿವೇಶನ, ಇಲ್ಲವೇ ಸಾಲಕ್ಕೆ ಸಿಕ್ಕಿದ ಗದ್ದೆಯ ಬಿಡುಗಡೆ. ಗೊತ್ತುಪಡಿಸಿದ ಪ್ರವಾಸಿ ಸಂಕೀರ್ಣಗಳಲ್ಲಿ ಪರದೇಶಿಯರು ಮನೆ ಕೊಳ್ಳಲು ಒಮಾನಿನ ಕಾನೂನು ಅವಕಾಶ ಕೊಟ್ಟಿದೆಯಾದರೂ, ರೂವಿಯ ಒಂದೇ ಕೋಣೆಯನ್ನು ನಾಲ್ವರೊಡನೆ ಹಂಚಿಕೊಂಡು ಬಾಳುವ ಕಾರ್ಮಿಕನಿಗೆ ಅದು ನಿಲುಕುವ ಮಾತಲ್ಲ. ಈ ನೆಲದ ಹಂಬಲವನ್ನು 1962ರಲ್ಲಿಯೇ ಕನ್ನಡದ ತೆರೆಗೆ ತಂದವರು ಜಿ.ವಿ. ಅಯ್ಯರ್. ಪ್ರಗತಿಪರರ ನೆನಪಿನಲ್ಲಿ ಮಾತ್ರ ಅವರು 'ಆದಿ ಶಂಕರಾಚಾರ್ಯ'ದ ನಿರ್ದೇಶಕರಾಗಿಯೇ ಉಳಿದಿದ್ದಾರೆ. ಇದು ಅರ್ಧ ನೆನಪು. ಮರೆತ ಅರ್ಧವೇ ಇಂದು ಹೆಚ್ಚು ಬೇಕಾದುದು.

1917ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಅಯ್ಯರ್ ಎಳವೆಯಲ್ಲೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ 'ಬೇಡರ ಕಣ್ಣಪ್ಪ'ಕ್ಕೆ (1954) ಚಿತ್ರಕಥೆ ಬರೆದರು, ಅದರಲ್ಲಿ ನಟಿಸಿದರು ಕೂಡ. ಮಡಿಯನ್ನರಿಯದ ಬೇಡನ ಭಕ್ತಿ ಪೂಜಾರಿಯ ಶಾಸ್ತ್ರವನ್ನು ಮೀರುವ ಆ ಕಥೆ ಪುರಾಣದ್ದು. ಆದರೆ ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಿಸುವ ಕಾಯಿದೆ ಬಂದುದು ಮರುವರ್ಷ. ಅಂದಿನ ಪ್ರೇಕ್ಷಕನಿಗೆ ಅದು ಬರಿಯ ಪುರಾಣವಾಗಿರಲಾರದು.

1960ರಲ್ಲಿ ಅಯ್ಯರ್, ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಕೂಡಿ, ಕಲಾವಿದರದೇ ಸಂಘದ ಮೂಲಕ 'ರಣಧೀರ ಕಂಠೀರವ'ವನ್ನು ತೆರೆಗೆ ತಂದರು. ಅದೇ ವರ್ಷ ಅಮೆರಿಕದಲ್ಲಿ ಡಾಲ್ಟನ್ ಟ್ರಂಬೋ ಎಂಬ ಲೇಖಕನ ಹೆಸರು 'ಸ್ಪಾರ್ಟಕಸ್' ಚಿತ್ರದೊಂದಿಗೆ ತೆರೆಗೆ ಮರಳಿತು. ಕಮ್ಯುನಿಸ್ಟ್ ನಂಟಿನ ಪ್ರಶ್ನೆಗಳಿಗೆ ಸಂಸತ್ತಿನ ಸಮಿತಿಯ ಮುಂದೆ ಉತ್ತರಿಸಲು ನಿರಾಕರಿಸಿ ಸೆರೆವಾಸ ಕಂಡು, ಕಪ್ಪುಪಟ್ಟಿಗೆ ಸೇರಿ, ವರ್ಷಗಟ್ಟಲೆ ಅನ್ಯರ ಹೆಸರಿನಲ್ಲಿ ಬರೆದವನು ಆತ. ಅಯ್ಯರ್ ಅಂಥ ದಮನಕ್ಕೆ ಗುರಿಯಾದವರಲ್ಲ. ಟ್ರಂಬೋನನ್ನು ಪ್ರಭುತ್ವದ ಭಯ ಮರೆಮಾಡಿತು. ಬರಹಗಾರ ಅಯ್ಯರರನ್ನು ಮರೆಮಾಡಿದ್ದು ನಮ್ಮ ವಿಮರ್ಶೆಯ ಅಲಕ್ಷ್ಯ.

ಅಯ್ಯರ್ ನಿರ್ದೇಶಿಸಿದ 'ಭೂದಾನ'ದಲ್ಲಿ ರಾಜ್‌ಕುಮಾರ್, ಕಲ್ಯಾಣ್‌ಕುಮಾರ್, ಉದಯಕುಮಾರ್ ಮೂವರೂ ಒಟ್ಟಾಗಿ ನಟಿಸಿದರು. ಶಿವರಾಮ ಕಾರಂತರ ಚೋಮನ ನೆರಳು ಅದರ ಮೇಲಿದೆ. ಚಿತ್ರಕ್ಕೆ ಮಿತಿಯೂ ಇದೆ. ಭೂದಾನವೆಂಬ ಕಲ್ಪನೆಯಲ್ಲಿ ನೆಲವು ಒಡೆಯನ ಕರುಣೆ, ಉಳುವವನ ಹಕ್ಕಲ್ಲ. ಹಕ್ಕಿನ ಮಾತಿಗೆ ಕರ್ನಾಟಕವು ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಆದರೂ ಭೂಹೀನನ ಆಸೆಯನ್ನು ಜನಪ್ರಿಯ ತಾರೆಯರ ಮೂಲಕ ಸಾಮಾನ್ಯ ಪ್ರೇಕ್ಷಕನ ಮುಂದಿಟ್ಟದ್ದು ಸಣ್ಣ ಸಂಗತಿಯಲ್ಲ.

1983ರ 'ಆದಿ ಶಂಕರಾಚಾರ್ಯ' ಸಂಸ್ಕೃತದ ಮೊದಲ ಚಲನಚಿತ್ರ. ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೊಂದಿಗೆ ಚಿತ್ರಕಥೆಯ ಪ್ರಶಸ್ತಿಯೂ ಅದಕ್ಕೆ ಬಂತು. ಬೇಡನಿಂದ ಆಚಾರ್ಯನೆಡೆಗಿನ ಈ ಪಯಣವನ್ನು ಪ್ರಶ್ನಿಸುವುದು ನ್ಯಾಯವೇ. ಆದರೆ ಅದನ್ನು ಪ್ರಶ್ನಿಸುವ ಭರದಲ್ಲಿ ಬೇಡನನ್ನೂ ಭೂಹೀನನನ್ನೂ ಬಿಟ್ಟುಕೊಟ್ಟರೆ ನಷ್ಟ ಅಯ್ಯರರದಲ್ಲ, ಪ್ರಗತಿಪರರದು. 2003ರಲ್ಲಿ ತೀರಿಕೊಂಡ ಅವರಿಗೆ ಇನ್ನು ಪ್ರಶಸ್ತಿಗಳ ಹಂಗಿಲ್ಲ.

ಪರದೇಶದ ಕನ್ನಡ ಕೂಟಗಳು ರಾಜ್ಯೋತ್ಸವಕ್ಕೆ ತಾರೆಯರ ಹಾಡುಗಳನ್ನು ಹಾಡಿಸುತ್ತವೆ, ಹಾಡಿಸಲಿ. ಒಂದು ಸಂಜೆ 'ಭೂದಾನ'ವನ್ನೂ ತೋರಿಸಲಿ; ಮುಂದಿನ ಸಾಲಿನ ಕುರ್ಚಿಗಳನ್ನು ರೂವಿಯ ಕೋಣೆಗಳಿಂದ ಬರುವವರಿಗೆ ಮೀಸಲಿಡಲಿ. ಆ ಕಥೆಯನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.